ಎಂಎನ್908947.3: ಒಂದು ದಾಖಲೆಗೆ ವ್ಯಾಖ್ಯಾನ

ಕೋವಿಡ್ ತಂದ ಕೊರೊನಾ ವೈರಸ್ಸಿನ ಜೀನೋಮ್‌ಗಳಲ್ಲಿ, ಅಂದರೆ ಅದರ ಆನುವಂಶಿಕ ಅಕ್ಷರಗಳ ಪೂರ್ಣ ಸಾಲುಗಳಲ್ಲಿ, ಜಗತ್ತು ಮೊದಲು ಓದಿದ್ದು ಇದು. ಇರುವುದು ಅಮೆರಿಕದ ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದಲ್ಲಿ. ಅದರ ಕೆಲವು ಸಾಲುಗಳನ್ನು ಬಿಡಿಸಿ ನೋಡೋಣ.

ಉದ್ದ: 29903 ಬಿಪಿ, ಆರ್‌ಎನ್‌ಎ

ಬಿಪಿ ಎಂದರೆ ಬೇಸ್ ಪೇರ್, ಜೋಡಿ ಅಕ್ಷರ. ಈ ವೈರಸ್ಸಿನ ಆರ್‌ಎನ್‌ಎ ಒಂಟಿ ಎಳೆ, ಜೋಡಿಯೇ ಇಲ್ಲ. ಆದರೂ ಭಂಡಾರ ಎಲ್ಲವನ್ನೂ ಒಂದೇ ಕೋಲಿನಲ್ಲಿ ಅಳೆಯುತ್ತದೆ.

ಆವೃತ್ತಿ: ಎಂಎನ್908947.3

ಚುಕ್ಕೆಯ ಮುಂದಿನ ಮೂರನ್ನು ಗಮನಿಸಿ. ಮೊದಲ ಆವೃತ್ತಿಯಲ್ಲಿ 30473 ಅಕ್ಷರಗಳಿದ್ದವು. ಬಾಲದಲ್ಲಿ ವೈರಸ್ಸಿಗೆ ಸೇರದ ತುಣುಕೊಂದು ಅಂಟಿಕೊಂಡಿತ್ತು. ಕೆಲವೇ ದಿನಗಳಲ್ಲಿ ಎರಡು ಸಲ ತಿದ್ದಿದರು. ಹಳೆಯದನ್ನು ಮಾತ್ರ ಅಳಿಸಲಿಲ್ಲ, ಇಂದಿಗೂ ತೆಗೆದು ಹೋಲಿಸಬಹುದು. ಎಲ್ಲ ಸರಿಯಾಗಲಿ, ಆಮೇಲೆ ಹಂಚಿಕೊಳ್ಳೋಣ ಎಂದು ದತ್ತಾಂಶವನ್ನು ಬೀರುವಿನಲ್ಲಿ ಇಟ್ಟುಕೊಳ್ಳುವವರಿಗೆ ಈ ಚುಕ್ಕೆಯೇ ಉತ್ತರ ಎನ್ನುತ್ತೇನೆ ನಾನು.

ಸಲ್ಲಿಕೆ: 05-ಜನವರಿ-2020, ಶಾಂಘೈ

ಈ ದಾಖಲೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಾಲು ಇದು. ಶಾಂಘೈನ ವಿಜ್ಞಾನಿ ಝಾಂಗ್ ಯೊಂಗ್‌ಝೆನ್ ಅವರ ಪ್ರಯೋಗಾಲಯಕ್ಕೆ ರೋಗಿಯ ಮಾದರಿ ಬಂದದ್ದು ಜನವರಿ 3ರಂದು. ಎರಡೇ ದಿನದಲ್ಲಿ ಜೀನೋಮ್ ಓದಿ ಭಂಡಾರಕ್ಕೆ ಕಳಿಸಿದರು. ಜಗತ್ತಿನ ಕಣ್ಣಿಗೆ ಬಿದ್ದದ್ದು ಮಾತ್ರ 11ರಂದು, ಸಿಡ್ನಿಯ ವಿಜ್ಞಾನಿ ಎಡ್ವರ್ಡ್ ಹೋಮ್ಸ್ ಅದನ್ನು ಅಂತರ್ಜಾಲದಲ್ಲಿ ಹಾಕಿದಾಗ. ಮರುದಿನವೇ ಝಾಂಗ್ ಅವರ ಪ್ರಯೋಗಾಲಯವನ್ನು 'ಸರಿಪಡಿಸಿಕೊಳ್ಳಿ' ಎಂದು ಮುಚ್ಚಿಸಲಾಯಿತು. ಅದಕ್ಕೂ ಮೊದಲು, 2019ರ ಡಿಸೆಂಬರ್ 28ರಂದು, ಬೀಜಿಂಗಿನ ಇನ್ನೊಂದು ತಂಡ ಇದೇ ಭಂಡಾರಕ್ಕೆ ಜೀನೋಮ್ ಸಲ್ಲಿಸಿತ್ತು. ಭಂಡಾರ ಕೇಳಿದ ತಾಂತ್ರಿಕ ವಿವರ ಬರಲಿಲ್ಲ, ಅದು ಪ್ರಕಟವಾಗಲೇ ಇಲ್ಲ. ಸಲ್ಲಿಸುವುದು ಬೇರೆ, ತೆರೆದಿಡುವುದು ಬೇರೆ. ಜನವರಿ 11ರಂದು ಅಕ್ಷರಗಳು ಹೊರಬಿದ್ದವು. 13ಕ್ಕೆ ಮಾಡೆರ್ನಾ ಲಸಿಕೆಯ ವಿನ್ಯಾಸ ಅಂತಿಮವಾಯಿತು. ಮಾರ್ಚ್ 16ರಂದು ಮೊದಲ ಸ್ವಯಂಸೇವಕರಿಗೆ ಚುಚ್ಚುಮದ್ದು. ಇಷ್ಟು ವೇಗದ ಕೆಲಸದಲ್ಲಿ ಕಳೆದುಹೋದ ಆ ದಿನಗಳ ಬೆಲೆ ಸಣ್ಣದಲ್ಲ.

ಆಶ್ರಯಜೀವಿ: ಹೋಮೋ ಸೇಪಿಯನ್ಸ್, ಸಂಗ್ರಹ: ಡಿಸೆಂಬರ್-2019, ದೇಶ: ಚೀನಾ

ರೋಗಿಯ ಹೆಸರಿಲ್ಲ, ಇರಲೂಬಾರದು. ತಿಂಗಳು ಮತ್ತು ದೇಶ ಇವೆ, ಅವು ಇರಲೇಬೇಕು. ವೈರಸ್ ಯಾವಾಗ, ಎತ್ತ ಬದಲಾಗುತ್ತಾ ಹೋಯಿತು ಎಂದು ಲೆಕ್ಕ ಹಾಕುವುದು ಈ ಎರಡರಿಂದಲೇ. ಕಾಲ, ದೇಶ ಬರೆಯದ ಜೀನೋಮ್ ವಿಳಾಸವಿಲ್ಲದ ಕಾಗದದಂತೆ.

ಜೋಡಣೆ: ಮೆಗಾಹಿಟ್; ಯಂತ್ರ: ಇಲ್ಯುಮಿನಾ

ಜೀನೋಮಿನ ತುಣುಕುಗಳನ್ನು ಯಾವ ಯಂತ್ರ ಓದಿತು, ಯಾವ ತಂತ್ರಾಂಶ ಜೋಡಿಸಿತು ಎಂದು ಹೇಳಿದ್ದಾರೆ. ಕಚ್ಚಾ ದತ್ತಾಂಶವನ್ನೂ ಬೇರೆಡೆ ತೆರೆದಿಟ್ಟಿದ್ದಾರೆ. ಸಂಶಯವಿದ್ದವರು ಮೊದಲಿಂದ ಜೋಡಿಸಿ ನೋಡಬಹುದು.

1 ಎಟಿಟಿಎಎಎಜಿಜಿಟಿಟಿ…

ಆರ್‌ಎನ್‌ಎಯಲ್ಲಿ 'ಟಿ' ಇರುವುದಿಲ್ಲ, ಅದರ ಜಾಗದಲ್ಲಿ 'ಯು' ಇರುತ್ತದೆ. 'ಟಿ' ಎಂದು ಬರೆಯುವುದು ಭಂಡಾರದ ವಾಡಿಕೆ. ಕೊನೆಗೆ 'ಎ' ಅಕ್ಷರವೊಂದೇ 33 ಸಲ ಬಂದು ಸಾಲು ನಿಲ್ಲುತ್ತದೆ. ಜೆನ್‌ಬ್ಯಾಂಕ್, ಯುರೋಪಿನ ಭಂಡಾರ ಮತ್ತು ಜಪಾನಿನ ಭಂಡಾರ ದಿನವೂ ದತ್ತಾಂಶ ಹಂಚಿಕೊಳ್ಳುವುದರಿಂದ ಮೂರರಲ್ಲಿ ಎಲ್ಲಿ ಹುಡುಕಿದರೂ ಇದು ಸಿಗುತ್ತದೆ. ನೋಂದಣಿ ಬೇಡ, ಶುಲ್ಕವಿಲ್ಲ. ಶೀರ್ಷಿಕೆಯಲ್ಲಿರುವ ಸಂಖ್ಯೆ ಕೊಟ್ಟು ಒಮ್ಮೆ ನೀವೇ ತೆಗೆದು ನೋಡಿ.