ಸಾಲ ತೀರಿಸಿದ್ದೋ, ಮನ್ನಾ ಮಾಡಿದ್ದೋ?

ಮೆಲ್ ಗಿಬ್ಸನ್ ನಿರ್ದೇಶಿಸಿದ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ ತೆರೆಗೆ ಬಂದದ್ದು 2004ರ ಫೆಬ್ರವರಿ 25ರಂದು, ಬೂದಿ ಬುಧವಾರದ ದಿನ. ಯೇಸುವಿನ ಕೊನೆಯ 12 ಗಂಟೆಗಳ ಕಥೆ. ಮಾತೆಲ್ಲ ಅರಾಮಿಕ್, ಹೀಬ್ರೂ, ಲ್ಯಾಟಿನ್. ಯಾರಿಗೂ ಬಾರದ ಭಾಷೆಯ ಈ ಸಿನಿಮಾ ಓಡಲ್ಲ ಅಂತ ಹಾಲಿವುಡ್‌ನ ದೊಡ್ಡವರು ಕೈ ಕಟ್ಟಿ ಕೂತಿದ್ದಾಗ ಗಿಬ್ಸನ್ ಸ್ವಂತ ದುಡ್ಡು ಹಾಕಿದ. ಅದು 60 ಕೋಟಿ ಡಾಲರಿಗೂ ಹೆಚ್ಚು ಬಾಚಿತು. ಈಗಲೂ ಶುಭ ಶುಕ್ರವಾರ ಹತ್ತಿರ ಬಂತೆಂದರೆ ಅದರ ತುಣುಕುಗಳು ಮೊಬೈಲಿಂದ ಮೊಬೈಲಿಗೆ ಓಡಾಡುತ್ತವೆ.

ನೋಡಿದವರಲ್ಲಿ ಎರಡು ಪಂಗಡ. ಒಂದು ಪಂಗಡ ಅತ್ತುಕೊಂಡು ಹೊರಬಂದಿತು. ಇನ್ನೊಂದು, ‘ಇದೇನು ಭಕ್ತಿಯೋ, ಕಸಾಯಿಖಾನೆಯೋ’ ಅಂತ ಮುಖ ತಿರುಗಿಸಿತು. ನನ್ನ ತಕರಾರು ಇವೆರಡರಲ್ಲಿ ಯಾವುದೂ ಅಲ್ಲ. ರಕ್ತ ಜಾಸ್ತಿಯಾಯಿತು ಅನ್ನುವುದು ರುಚಿಯ ಮಾತು, ಅದನ್ನು ಬಿಡಿ. ಒಬ್ಬ ಮನುಷ್ಯನ ಸಾವಿನಿಂದ ಉಳಿದವರಿಗೆಲ್ಲ ಬಿಡುಗಡೆ ಹೇಗೆ ಸಿಗುತ್ತದೆ? ಕ್ರೈಸ್ತ ನಂಬಿಕೆಯ ಹೊಟ್ಟೆಯೊಳಗೇ ಇರುವ ಪ್ರಶ್ನೆ ಇದು. ಈ ಪ್ರಶ್ನೆಗೆ ಸಿನಿಮಾ ಕೊಡುವ ಉತ್ತರ ಒಂದೇ: ಇಷ್ಟು ನೋವು ತಿಂದ, ಅದಕ್ಕೇ. ನನಗೆ ಅದು ಉತ್ತರ ಅನ್ನಿಸುವುದಿಲ್ಲ.

ಹಾಗಂತ ಸಿನಿಮಾದಲ್ಲಿ ಏನೂ ಇಲ್ಲ ಅಂತಲ್ಲ. ಶಿಲುಬೆ ಹೊತ್ತ ಮಗ ಬೀದಿಯಲ್ಲಿ ಮುಗ್ಗರಿಸಿ ಬೀಳುತ್ತಾನೆ. ಅದನ್ನು ಕಂಡ ಮರಿಯಳಿಗೆ, ಅವನು ಪುಟ್ಟ ಮಗುವಾಗಿದ್ದಾಗ ಎಡವಿ ಬಿದ್ದದ್ದು ನೆನಪಾಗುತ್ತದೆ. ಅವತ್ತು ಓಡಿಹೋಗಿ ಎತ್ತಿಕೊಂಡಿದ್ದಳು. ಇವತ್ತೂ ಓಡುತ್ತಾಳೆ, ಆದರೆ ಎತ್ತಿಕೊಳ್ಳಲು ಆಗುವುದಿಲ್ಲ. ಇಡೀ ಸಿನಿಮಾದ ಚಾಟಿಯೇಟುಗಳೆಲ್ಲ ಸೇರಿ ಮಾಡಲಾಗದ ಕೆಲಸವನ್ನು ಈ ಒಂದು ಓಟ ಮಾಡುತ್ತದೆ. ಶಿಲುಬೆಗೆ ಜಡಿಯುವ ದೃಶ್ಯದಲ್ಲಿ ಮೊಳೆ ಹಿಡಿದ ಕೈ ಸ್ವತಃ ಗಿಬ್ಸನ್‌ನದು. ‘ಕೊಂದವರಲ್ಲಿ ನಾನೂ ಒಬ್ಬ’ ಅಂತ ಹೇಳುವ ಬಗೆ ಅದು. ಪ್ರಾಮಾಣಿಕ ಅಂತಲೇ ಇಟ್ಟುಕೊಳ್ಳೋಣ.

ಆದರೆ ಮೂಲವನ್ನು ತೆರೆದು ನೋಡಿ. ಗಿಬ್ಸನ್ ನಿಮಿಷಗಟ್ಟಲೆ ತೋರಿಸುವ ಕೊರಡೆಯ ಏಟು ಮಾರ್ಕ, ಮತ್ತಾಯ, ಯೋಹಾನರ ಸುವಾರ್ತೆಗಳಲ್ಲಿ ಒಂದು ಕ್ರಿಯಾಪದದಲ್ಲಿ ಮುಗಿದುಹೋಗುತ್ತದೆ. ಹೊಡೆಸಿದ, ಒಪ್ಪಿಸಿದ, ಅಷ್ಟೇ. ಲೂಕ ಅಷ್ಟನ್ನೂ ಬರೆಯುವುದಿಲ್ಲ, ಹೊಡೆಸಿ ಬಿಟ್ಟುಬಿಡ್ತೀನಿ ಅಂತ ಪಿಲಾತ ಹೇಳಿದ್ದನ್ನು ಮಾತ್ರ ಬರೆಯುತ್ತಾನೆ. ಮೊಳೆ ಹೊಡೆಯುವ ವಿವರ ಯಾರಲ್ಲೂ ಇಲ್ಲ. ಗಿಬ್ಸನ್‌ಗೆ ಆ ವಿವರಗಳಲ್ಲಿ ಎಷ್ಟೋ ಸಿಕ್ಕಿದ್ದು ಆನ್ ಕ್ಯಾಥರೀನ್ ಎಮ್ಮೆರಿಕ್ ಎಂಬ ಜರ್ಮನ್ ಸನ್ಯಾಸಿನಿಯ ದರ್ಶನಗಳಲ್ಲಿ. ಕವಿ ಕ್ಲೆಮೆನ್ಸ್ ಬ್ರೆಂಟಾನೊ ಅವನ್ನು ಬರೆದುಕೊಂಡು 1833ರಲ್ಲಿ ಪ್ರಕಟಿಸಿದ್ದ. ಸುವಾರ್ತೆ ಬರೆದವರಿಗೆ ನೋವು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಶಿಲುಬೆ ಅವರ ಕಾಲದ ರಸ್ತೆ ಬದಿಯ ನೋಟ. ಗುಲಾಮರಿಗೆ, ದಂಗೆ ಎದ್ದವರಿಗೆ ರೋಮ್ ಮೀಸಲಿಟ್ಟಿದ್ದ ಸಾವು ಅದು. ಅದರಲ್ಲಿ ನೋವಿಗಿಂತ ದೊಡ್ಡದು ಮರ್ಯಾದೆಗೇಡು. ಶಿಲುಬೆಗೇರಿದ ಯೇಸುವಿನ ಅತಿ ಹಳೆಯ ಚಿತ್ರಗಳಲ್ಲಿ ಒಂದು ರೋಮ್‌ನ ಪ್ಯಾಲಟೈನ್ ಗುಡ್ಡದ ಗೋಡೆಯ ಮೇಲೆ ಗೀಚಿದ್ದು. ಶಿಲುಬೆಯ ಮೇಲಿನ ದೇಹಕ್ಕೆ ಕತ್ತೆಯ ತಲೆ. ಅಲೆಕ್ಸಮೆನೋಸ್ ಅನ್ನುವವನು ತನ್ನ ದೇವರನ್ನು ಪೂಜಿಸ್ತಿದ್ದಾನೆ ನೋಡಿ ಅಂತ ಯಾರೋ ಆಡಿಕೊಂಡದ್ದು. ಇವತ್ತಿನ ಭಾಷೆಯಲ್ಲಿ ಟ್ರೋಲ್. ಕ್ರೈಸ್ತರಾದರೋ ಮೊದಲ ಮೂರು ನಾಲ್ಕು ಶತಮಾನ ಕುರುಬನನ್ನು, ಯೋನನ ಮೀನನ್ನು ಬಿಡಿಸಿದರೇ ಹೊರತು ಶಿಲುಬೆಯ ಮೇಲಿನ ಹೆಣವನ್ನು ಹೆಚ್ಚುಕಡಿಮೆ ಬಿಡಿಸಲೇ ಇಲ್ಲ.

ಈಗ ಅರ್ಥಕ್ಕೆ ಬರೋಣ. ಕನ್ನಡ ಬೈಬಲ್ ಓದಿದವರಿಗೆ ‘ಈಡು’ ಎಂಬ ಪದ ಗೊತ್ತಿರುತ್ತದೆ. ತಾನು ಬಂದದ್ದೇ ಅನೇಕರಿಗಾಗಿ ಪ್ರಾಣವನ್ನು ಈಡು ಕೊಡಲಿಕ್ಕೆ ಅಂತ ಮಾರ್ಕನ 10ನೇ ಅಧ್ಯಾಯದಲ್ಲಿ ಯೇಸು ಹೇಳುತ್ತಾನೆ. ಗ್ರೀಕಿನಲ್ಲಿ ಅದು ‘ಲುತ್ರೋನ್’, ಅಂದರೆ ಸೆರೆಯಾಳನ್ನೋ ಗುಲಾಮನನ್ನೋ ಬಿಡಿಸಿಕೊಳ್ಳಲು ತೆರುವ ಬೆಲೆ. ವಿಮೋಚನೆ ಎಂಬ ಮಾತು ಇವತ್ತು ನಮಗೆ ತತ್ವಶಾಸ್ತ್ರದ ಹಾಗೆ ಕೇಳಿಸುತ್ತದೆ. ಆಗ ಅದು ಸಂತೆಯ ಮಾತು, ಅಡವಿಟ್ಟದ್ದನ್ನು ಬಿಡಿಸಿಕೊಳ್ಳುವ ಮಾತು. ಬೆಲೆ ಅಂದಮೇಲೆ ಪ್ರಶ್ನೆ ಏಳಲೇಬೇಕು: ಕೊಟ್ಟದ್ದು ಯಾರಿಗೆ?

ಈ ಪ್ರಶ್ನೆಗೆ ಸಭೆಯ ಇತಿಹಾಸದಲ್ಲಿ ಒಂದೇ ಉತ್ತರ ಯಾವತ್ತೂ ಇರಲಿಲ್ಲ. 325ರ ನೈಸಿಯ ಸಭೆ ಯೇಸು ಯಾರು ಎಂಬುದನ್ನು ತೀರ್ಮಾನಿಸಿತು. ಅವನ ಸಾವು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ‘ನಮಗಾಗಿ’ ಎಂದಷ್ಟೇ ಹೇಳಿ ಬಿಟ್ಟಿತು. ಸೈತಾನನಿಗೆ ಕೊಟ್ಟದ್ದು ಅಂತ ಹಳಬರು ಕೆಲವರು ಹೇಳಿದರು. ನಿಸ್ಸಾದ ಗ್ರೆಗೊರಿಯ ಪ್ರಕಾರ ಯೇಸುವಿನ ದೇಹ ಗಾಳಕ್ಕೆ ಸಿಕ್ಕಿಸಿದ ಹುಳ, ಒಳಗಿದ್ದ ದೈವತ್ವ ಕೊಕ್ಕೆ. ಸೈತಾನ ನುಂಗಿ ಸಿಕ್ಕಿಬಿದ್ದ. ಕ್ಯಾಂಟರ್ಬರಿಯ ಆನ್ಸೆಲ್ಮ್ 1098ರ ಹೊತ್ತಿಗೆ ಮುಗಿಸಿದ ‘ಕೂರ್ ದೇವುಸ್ ಹೋಮೊ’ ಎಂಬ ಕೃತಿಯಲ್ಲಿ, ಸೈತಾನನಿಗೆ ನಾವೇನೂ ಕೊಡಬೇಕಿಲ್ಲ ಎಂದ. ಅವನದು ಪಾಳೇಗಾರಿಕೆಯ ಕಾಲದ ತರ್ಕ. ದೊರೆಗೆ ಸಲ್ಲಬೇಕಾದ ಗೌರವ ಸಲ್ಲಿಸದಿದ್ದರೆ ಅದು ಸಾಲ. ದೇವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸದ ಸಾಲಕ್ಕೆ ಮಿತಿಯೇ ಇಲ್ಲ. ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು. ಹಾಗಾಗಿ ಎರಡೂ ಆಗಿರುವವನೊಬ್ಬ ಬೇಕು. ಗಮನಿಸಿ, ಆನ್ಸೆಲ್ಮ್‌ನಲ್ಲಿ ಯೇಸುವಿನ ಸಾವು ಶಿಕ್ಷೆ ಅಲ್ಲ. ಶಿಕ್ಷೆಯ ಬದಲಿಗೆ ಕೊಟ್ಟ ಕಾಣಿಕೆ. ಅದನ್ನು ಶಿಕ್ಷೆ ಮಾಡಿದ್ದು ಹದಿನಾರನೇ ಶತಮಾನದ ಸುಧಾರಕರು, ಅದರಲ್ಲೂ ಕಾನೂನು ಓದಿದ್ದ ಕ್ಯಾಲ್ವಿನ್. ತಪ್ಪು ನಮ್ಮದು, ತೀರ್ಪು ಅವನ ಮೇಲೆ. ಗಿಬ್ಸನ್ ಕಟ್ಟಾ ಕ್ಯಾಥೊಲಿಕ್ ಇರಬಹುದು. ಅಮೆರಿಕದ ಪ್ರಾಟೆಸ್ಟಂಟರು ಬಸ್ಸು ಮಾಡಿಕೊಂಡು ಹೋಗಿ ಅವನ ಸಿನಿಮಾ ನೋಡಿದ್ದಕ್ಕೆ ಕಾರಣ ಈ ಲೆಕ್ಕ ಅವರಿಗೆ ಮೊದಲೇ ಬಾಯಿಪಾಠವಾಗಿತ್ತು ಅನ್ನುವುದು ನನ್ನ ಊಹೆ. ಒಂದೊಂದು ಏಟೂ ನಮ್ಮ ಖಾತೆಯಿಂದ ಕಳೆದ ಒಂದೊಂದು ಕಂತು.

ಈ ಲೆಕ್ಕದಲ್ಲಿ ಒಂದು ತೊಡಕಿದೆ. ಅದನ್ನು 1594ರಲ್ಲೇ ಫಾಸ್ಟೊ ಸೊಸಿನಿ ಎಂಬ ಇಟಲಿಯವನು ಎತ್ತಿ ತೋರಿಸಿದ. ಇಎಂಐ ಕಟ್ಟುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ನಿಮ್ಮ ಸಾಲವನ್ನು ಜಾಮೀನುದಾರ ಪೂರ್ತಿ ಕಟ್ಟಿದ ಅಂತಿಟ್ಟುಕೊಳ್ಳಿ. ಬ್ಯಾಂಕು ನಿಮ್ಮನ್ನು ‘ಕ್ಷಮಿಸಿತು’ ಅಂತ ಹೇಳ್ತೀರಾ? ಇಲ್ಲ. ಬ್ಯಾಂಕಿಗೆ ಅದರ ದುಡ್ಡು ಬಂತು, ಅಷ್ಟೇ. ತೀರಿದ ಸಾಲವನ್ನು ಮನ್ನಾ ಮಾಡಲಾಗದು, ಮನ್ನಾ ಮಾಡಿದ್ದನ್ನು ತೀರಿಸಬೇಕಿಲ್ಲ. ಯೇಸು ಪೂರ್ತಿ ತೆತ್ತಿದ್ದರೆ ದೇವರು ಕ್ಷಮಿಸಿದ್ದೇನು? ದೇವರು ಕ್ಷಮಿಸುವವನೇ ಆಗಿದ್ದರೆ ತೆರಬೇಕಾದದ್ದೇನು? ಜೊತೆಗೆ ಇನ್ನೊಂದು: ಸಾಲವನ್ನು ಬೇರೆಯವರು ಕಟ್ಟಬಹುದು, ಅಪರಾಧವನ್ನು ಬೇರೆಯವರ ಹೆಸರಿಗೆ ವರ್ಗಾಯಿಸುವುದು ಯಾವ ಊರಿನ ನ್ಯಾಯ?

ಯೇಸು ತಾನೇ ಹೇಳಿದ ಕಥೆಗಳು ಸೊಸಿನಿಯ ಕಡೆಗೇ ವಾಲುತ್ತವೆ. ಮತ್ತಾಯನ 18ನೇ ಅಧ್ಯಾಯದಲ್ಲಿ ಒಬ್ಬ ಸೇವಕ ರಾಜನಿಗೆ 10,000 ತಲಾಂತು ಸಾಲ ಕೊಡಬೇಕು. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಅಂದರೆ 6 ಕೋಟಿ ದಿನದ ದುಡಿಮೆ! ರಾಜ ಯಾರಿಂದಲೂ ವಸೂಲು ಮಾಡುವುದಿಲ್ಲ, ಸುಮ್ಮನೆ ಬಿಟ್ಟುಬಿಡುತ್ತಾನೆ. ಲೂಕನ 15ನೇ ಅಧ್ಯಾಯದ ಅಪ್ಪ, ಆಸ್ತಿ ಹಾಳುಮಾಡಿ ಬಂದ ಮಗನನ್ನು ತಬ್ಬಿಕೊಳ್ಳುವ ಮುಂಚೆ ದೊಡ್ಡ ಮಗನಿಗೆ ನಾಲ್ಕು ಬಾರಿಸುವುದಿಲ್ಲ.

ಹಾಗಾದರೆ ಶಿಲುಬೆ ಯಾಕೆ ಬೇಕಿತ್ತು? ಇಲ್ಲಿ ಸೊಸಿನಿಯೂ ಒಂದನ್ನು ಬಿಟ್ಟುಬಿಟ್ಟ ಅನ್ನಿಸುತ್ತದೆ. ಮನ್ನಾ ಅಂದರೆ ಬಿಟ್ಟಿ ಅಲ್ಲ. ಸಾಲ ಮನ್ನಾ ಆದಾಗ ಆ ಹಣ ಗಾಳಿಯಲ್ಲಿ ಮಾಯವಾಗುವುದಿಲ್ಲ, ಕೊಟ್ಟವನು ಅದನ್ನು ನುಂಗಿಕೊಳ್ಳುತ್ತಾನೆ. ಆ ರಾಜ 6 ಕೋಟಿ ದಿನದ ಕೂಲಿಯನ್ನು ತಾನೇ ಕಳೆದುಕೊಂಡ. ನಿಮಗೆ ಮೋಸ ಮಾಡಿದ ಗೆಳೆಯನನ್ನು ನೀವು ನಿಜವಾಗಿ ಕ್ಷಮಿಸಿದ್ದೇ ಆದರೆ ಅವನು ಮಾಡಿದ ನಷ್ಟದ ಜೊತೆಗೆ ಬದುಕುವವರು ನೀವೇ. ಶಿಲುಬೆಯ ಮೇಲಿರುವವನು ದೇವರೇ ಅಂತ ಕ್ರೈಸ್ತರು ನಂಬುತ್ತಾರಲ್ಲ, ಆ ಮಾತಿನ ತೂಕ ಇರುವುದು ಇಲ್ಲಿ. ಸಿಟ್ಟಾದ ಅಪ್ಪ, ಏಟು ತಿನ್ನುವ ಮಗ ಅಂತ ಇಬ್ಬರನ್ನು ಬೇರೆ ಮಾಡಿದ ಕೂಡಲೇ ಕಥೆ ಕೆಡುತ್ತದೆ. ಸಾಲಗಾರನ ಮನೆಗೆ ಸಾಲ ಕೊಟ್ಟವನೇ ಬಂದು ನಷ್ಟ ಹೊತ್ತ ಎಂದು ಓದಿದರೆ ಕೂಡಿಕೊಳ್ಳುತ್ತದೆ. ನೀವು ನಂಬಬೇಕಿಲ್ಲ. ನಂಬುವವರು ನಂಬುವುದು ಏನನ್ನು ಎಂಬುದಾದರೂ ಸ್ಪಷ್ಟವಾಗುತ್ತದೆ.

ಇಬ್ಬರನ್ನು ಬೇರೆ ಮಾಡಿದ್ದರಿಂದ ಆದ ಅನಾಹುತ ಪುಸ್ತಕದೊಳಗೇ ಉಳಿದಿಲ್ಲ. ಜೋನ್ ಕಾರ್ಲ್ಸನ್ ಬ್ರೌನ್ ಮತ್ತು ರೆಬೆಕಾ ಪಾರ್ಕರ್ ಎಂಬ ಅಮೆರಿಕದ ಇಬ್ಬರು ಧರ್ಮಶಾಸ್ತ್ರಜ್ಞೆಯರು 1989ರಲ್ಲಿ ಕಟುವಾಗಿ ಬರೆದರು: ಅಪ್ಪನ ಇಚ್ಛೆಗೆ ಮಗ ನೋವುಂಡು ಸತ್ತದ್ದೇ ಪ್ರೀತಿ ಎಂದು ಕಲಿಸಿದರೆ, ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿಗೆ ನೀವು ಕಲಿಸುತ್ತಿರುವುದೇನು? ‘ನಿನ್ನ ಶಿಲುಬೆ, ನೀನೇ ಹೊರು’ ಅಂತ ಅವಳನ್ನು ವಾಪಸ್ ಕಳಿಸುವ ಉಪದೇಶಕರು ಎಲ್ಲ ಕಡೆ ಇದ್ದಾರೆ. ಕನ್ನಡಿಗರಿಗಂತೂ ಇದು ಹೊಸ ವಿಷಯವಲ್ಲ. ‘ಕೆರೆಗೆ ಹಾರ’ದ ಭಾಗೀರಥಿ ನಮಗೆ ಗೊತ್ತು. ಬಲಿ ಮತ್ತು ತ್ಯಾಗ ಒಂದೇ ಅಲ್ಲ ಅಂತ ಆ ಹಾಡು ಕೇಳಿದ ಯಾರಿಗಾದರೂ ತಿಳಿಯುತ್ತದೆ. ಮನೆಯ ಹಿರಿಯರು ಲೆಕ್ಕ ಹಾಕಿ ಕಿರಿಸೊಸೆಯನ್ನು ಆರಿಸುತ್ತಾರೆ, ಅವಳು ಹೋಗುತ್ತಾಳೆ. ಫ್ರೆಂಚ್ ಚಿಂತಕ ರೆನೆ ಜಿರಾರ್, ಪುರಾಣಗಳು ಬಲಿ ಕೊಟ್ಟ ಗುಂಪಿನ ಪರ ನಿಂತು ಕಥೆ ಹೇಳುತ್ತವೆ, ಬಲಿಯಾದವನು ನಿರ್ದೋಷಿ ಎಂದು ಅವನ ಪರ ನಿಂತು ಹೇಳಿ ಆ ಯಂತ್ರವನ್ನು ಬಯಲಿಗೆಳೆದದ್ದು ಬೈಬಲ್, ಅದರಲ್ಲೂ ಸುವಾರ್ತೆ ಎಂದು ವಾದಿಸಿದ. ಒಳ್ಳೆಯ ವಾದ. ಆದರೆ ನಮ್ಮ ಹೆಂಗಸರು ಹಾಡಿಕೊಂಡು ಬಂದ ಈ ಹಾಡಿನ ಕಣ್ಣೀರು ಯಾರ ಕಡೆಗಿದೆ? ಅದು ಜಿರಾರ್‌ಗೆ ಸಿಕ್ಕಿದ್ದರೆ ತನ್ನ ವಾದವನ್ನು ಸ್ವಲ್ಪ ಸಡಿಲಿಸುತ್ತಿದ್ದನೇನೋ.

ಜಿರಾರ್ ಹೇಳಿದ್ದರಲ್ಲಿ ಗಿಬ್ಸನ್‌ಗೆ ತಾಗುವ ಮಾತೊಂದಿದೆ. ಗುಂಪು ಒಬ್ಬನನ್ನು ಆರಿಸಿ ಕೊಲ್ಲುವುದನ್ನು ಬಯಲಿಗೆಳೆಯಬೇಕಾದ ಕಥೆಯೇ ಇನ್ನೊಂದು ಗುಂಪನ್ನು ಗುರಿಮಾಡುವ ಆಯುಧವಾಯಿತು. ‘ಕ್ರಿಸ್ತನನ್ನು ಕೊಂದವರು’ ಎಂಬ ಹೆಸರಿಟ್ಟು ಯೂರೋಪು ಯೆಹೂದ್ಯರನ್ನು ಶತಮಾನಗಟ್ಟಲೆ ಬೇಟೆಯಾಡಿತು. ಆ ಆರೋಪವನ್ನು ಇಡೀ ಜನಾಂಗದ ಮೇಲೆ ಹೊರಿಸುವಂತಿಲ್ಲ ಎಂದು ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದ್ದು 1965ರಲ್ಲಿ. ಗಿಬ್ಸನ್ ಏನು ಮಾಡಿದ? ಅವನ ರಕ್ತ ನಮ್ಮ ಮೇಲಿರಲಿ ಎಂದು ಜನ ಕೂಗುವ ಮಾತಿನ ಸಬ್‌ಟೈಟಲ್ ತೆಗೆದ. ಅರಾಮಿಕ್ ಮಾತನ್ನು ಹಾಗೇ ಬಿಟ್ಟ. ಗೊತ್ತಿದ್ದೂ ಮಾಡಿದ ಕೆಲಸ ಅದು.

ನೋವನ್ನು ತೋರಿಸುವುದೇ ತಪ್ಪು ಅಂತಲ್ಲ. ಫ್ರಾನ್ಸಿನ ಕೊಲ್ಮಾರ್ ಊರಿನ ಉಂಟರ್‌ಲಿಂಡನ್ ಮ್ಯೂಸಿಯಮ್ಮಿನಲ್ಲಿ ಮಥಿಯಾಸ್ ಗ್ರೂನೆವಾಲ್ಟ್ 1512ರಿಂದ 1516ರ ಹೊತ್ತಿನಲ್ಲಿ ಬರೆದ ಈಸೆನ್‌ಹೈಮ್ ಬಲಿಪೀಠದ ಚಿತ್ರವಿದೆ. ಅಲ್ಲಿನ ಯೇಸು ಗಿಬ್ಸನ್‌ನವನಿಗಿಂತ ಭೀಕರ. ಮೈ ಹಸಿರುಗಟ್ಟಿದೆ, ಬೆರಳುಗಳು ಸೆಟೆದಿವೆ, ಚರ್ಮದ ತುಂಬ ಹುಣ್ಣು. ಆದರೆ ಆ ಚಿತ್ರ ಇದ್ದದ್ದು ಸಂತ ಆಂಥೊನಿಯ ಹೆಸರಿನ ಮಠದಲ್ಲಿ, ಅಲ್ಲಿನ ಆಸ್ಪತ್ರೆಯ ರೋಗಿಗಳಿಗಾಗಿ. ಬೂಷ್ಟು ಹಿಡಿದ ರೈ ಧಾನ್ಯ ತಿಂದು ಬರುವ ಕಾಯಿಲೆ ಅವರದು. ಮೈ ಉರಿಯುತ್ತದೆ, ಕೈಕಾಲು ಕೊಳೆಯುತ್ತದೆ. ರೋಗಿ ತಲೆಯೆತ್ತಿದರೆ ಶಿಲುಬೆಯ ಮೇಲೆ ತನ್ನದೇ ಹುಣ್ಣು! ‘ನೋಡು, ನಿನ್ನಿಂದ ಹೀಗಾಯಿತು’ ಅಂತ ಆ ಚಿತ್ರ ಹೇಳುವುದಿಲ್ಲ, ‘ನಿನ್ನ ಜೊತೆ ನಾನಿದ್ದೇನೆ’ ಅನ್ನುತ್ತದೆ. ಹಬ್ಬದ ದಿನ ಅದರ ಬಾಗಿಲು ತೆರೆದರೆ ಹಿಂದೆ ಬೆಳಕಿನ ಉಂಡೆಯಂತೆ ಎದ್ದುಬರುವ ಯೇಸು. ಮೈಮೇಲೆ ಶಿಲುಬೆಯ ಗಾಯಗಳ ಗುರುತಷ್ಟೇ, ಹುಣ್ಣುಗಳಿಲ್ಲ. ಎರಡು ತಾಸು ಹೊಡೆಸಿದ ಗಿಬ್ಸನ್ ಪುನರುತ್ಥಾನಕ್ಕೆ ಕೊಟ್ಟಿದ್ದು ಒಂದೆರಡು ನಿಮಿಷ.

ಇನ್ನೊಬ್ಬರ ಬದಲಿಗೆ ಸಾಯುವುದು ಅಂದರೇನು ಅಂತ ಕೇಳಿದರೆ ನಾನು ಸಿನಿಮಾ ಬಿಟ್ಟು ಔಷ್‌ವಿಟ್ಸ್ ತೋರಿಸುತ್ತೇನೆ. 1941ರ ಜುಲೈ ಕೊನೆ. ಒಬ್ಬ ಕೈದಿ ತಪ್ಪಿಸಿಕೊಂಡ ಅಂತ ಹತ್ತು ಜನರನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಿದರು. ಅವರಲ್ಲಿ ಫ್ರಾನ್ಸಿಶೆಕ್ ಗಾಯೋವ್ನಿಚೆಕ್ ಎಂಬಾತ ಹೆಂಡತಿ ಮಕ್ಕಳನ್ನು ನೆನೆದು ಕೂಗಿಕೊಂಡ. ಸಾಲಿನಿಂದ ಮ್ಯಾಕ್ಸಿಮಿಲಿಯನ್ ಕೋಲ್ಬೆ ಎಂಬ ಪಾದ್ರಿ ಮುಂದೆ ಬಂದು, ಅವನ ಬದಲು ನಾನು ಹೋಗ್ತೀನಿ ಅಂದರು. ಎರಡು ವಾರವಾದರೂ ಜೀವ ಹೋಗದ್ದಕ್ಕೆ ಆಗಸ್ಟ್ 14ರಂದು ವಿಷದ ಸೂಜಿ ಚುಚ್ಚಿದರು. ಕೋಲ್ಬೆ ಕಲೆಯಿಲ್ಲದ ಮನುಷ್ಯರಲ್ಲ. ಯುದ್ಧಕ್ಕೆ ಮುಂಚೆ ಅವರು ಕಟ್ಟಿದ ಮಠದಿಂದ ಹೊರಡುತ್ತಿದ್ದ ಪತ್ರಿಕೆಗಳಲ್ಲಿ ಯೆಹೂದ್ಯರ ವಿರುದ್ಧದ ಬರಹಗಳೂ ಬಂದಿದ್ದವು. ಅದನ್ನು ಮುಚ್ಚಿಟ್ಟು ಸಂತರನ್ನಾಗಿ ಮಾಡಿದರೆ ಲಾಭವಿಲ್ಲ.

ಆ ಅಂಗಳದಲ್ಲಿ ಯಾರ ಸಾಲ ತೀರಿತು? ಯಾರದೂ ಇಲ್ಲ. ನಾಜಿ ಅಧಿಕಾರಿಗೆ ಹತ್ತು ಹೆಣ ಸಲ್ಲಬೇಕೆಂಬ ನ್ಯಾಯ ಎಲ್ಲೂ ಇರಲಿಲ್ಲ. ಕೋಲ್ಬೆಯ ನೋವು ಯಾವ ತಕ್ಕಡಿಯನ್ನೂ ಸಮ ಮಾಡಲಿಲ್ಲ, ಉಳಿದ ಒಂಬತ್ತು ಜನ ಸತ್ತೇ ಹೋದರು. ಉಳಿದದ್ದು ಒಂದು ಜೀವ. ಅದರ ಬೆಲೆಯನ್ನು ಕೋಲ್ಬೆ ನುಂಗಿಕೊಂಡರು. ಗಾಯೋವ್ನಿಚೆಕ್ ಬದುಕಿ ಮನೆಗೆ ಬಂದಾಗ ಹೆಂಡತಿ ಇದ್ದಳು, ಇಬ್ಬರು ಗಂಡುಮಕ್ಕಳು ಯುದ್ಧಕ್ಕೆ ಬಲಿಯಾಗಿದ್ದರು. ಯಾವ ಮಕ್ಕಳಿಗಾಗಿ ಕೂಗಿಕೊಂಡಿದ್ದನೋ ಅವರೇ ಇಲ್ಲ. ಬಿಡುಗಡೆ ಅಂದರೆ ಸುಖಾಂತ್ಯವಲ್ಲ. 1982ರ ಅಕ್ಟೋಬರಿನಲ್ಲಿ ರೋಮ್‌ನಲ್ಲಿ ಕೋಲ್ಬೆಯನ್ನು ಸಂತರೆಂದು ಸಾರಿದಾಗ ಆತ ಅಲ್ಲಿದ್ದ. 1995ರವರೆಗೆ ಬದುಕಿದ, ಆ ಅಂಗಳದಲ್ಲಿ ಏನಾಯಿತೆಂದು ಕೇಳಿದವರಿಗೆಲ್ಲ ಹೇಳುತ್ತಾ.

ಮತ್ತಾಯನ ಕಥೆ ಮನ್ನಾದೊಂದಿಗೆ ಮುಗಿಯುವುದಿಲ್ಲ. 6 ಕೋಟಿ ದಿನದ ಸಾಲ ಬಿಡಿಸಿಕೊಂಡು ಹೊರಬಂದ ಸೇವಕ, ತನಗೆ 100 ದಿನಾರಿ ಕೊಡಬೇಕಿದ್ದವನ ಕುತ್ತಿಗೆ ಹಿಡಿಯುತ್ತಾನೆ. ರಾಜನಿಗೆ ಸಿಟ್ಟು ಬರುವುದು ಆಗ. ಮನ್ನಾ ರದ್ದಾಗುತ್ತದೆ. ಇನ್ನೊಬ್ಬನ ಸಾವಿನಿಂದ ನಮಗೆ ಬಿಡುಗಡೆಯಾಯಿತು ಎಂದು ನಂಬುವವರು ಎಷ್ಟು ಏಟು ಬಿತ್ತು ಅಂತ ಎಣಿಸಿ ಅಳಬೇಕಿಲ್ಲ. ತಮ್ಮ ಕೈ ಈಗ ಯಾರ ಕುತ್ತಿಗೆಯ ಮೇಲಿದೆ ಅಂತ ನೋಡಿಕೊಂಡರೆ ಸಾಕು. ಗಿಬ್ಸನ್‌ನ ಸಿನಿಮಾ ಕೇಳದೇ ಬಿಟ್ಟ ಪ್ರಶ್ನೆ ಇದೊಂದೇ.