ತಕ್ಕಡಿಗೆ ಹೊಟ್ಟೆ ಕಾಣಲ್ಲ

ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟು ಬಂತು. ಎತ್ತರ 170 ಸೆಂ.ಮೀ., ತೂಕ 66 ಕೆಜಿ, ಬಿಎಂಐ 22.8. ಪಕ್ಕದಲ್ಲಿ ಹಸಿರು ಬಣ್ಣದಲ್ಲಿ 'ನಾರ್ಮಲ್'. ಖುಷಿಯಾಗಿ ಮಡಚಿಡೋಕೆ ಹೋದವನ ಕಣ್ಣಿಗೆ ಎರಡನೇ ಪುಟ ಬಿತ್ತು: ಎಚ್‌ಬಿಎ1ಸಿ 6.1. ಅಂದ್ರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಮನೆಗೆ ಬಂದು ಟೇಪು ಹಿಡಿದೆ. ಸೊಂಟ 94 ಸೆಂ.ಮೀ.!

ಅದೇ ತಿಂಗಳು ಅಜ್ಜಂಪುರಕ್ಕೆ ಹೋದಾಗ ಅಪ್ಪನನ್ನೂ ತೂಕದ ಮಷೀನು ಹತ್ತಿಸಿದೆ. 165 ಸೆಂ.ಮೀ., 69 ಕೆಜಿ, ಬಿಎಂಐ 25.3. ಭಾರತೀಯರಿಗೆ ಹಾಕಿರೋ ಗೆರೆ ಪ್ರಕಾರ 23 ಮುಟ್ಟಿದ್ರೆ ಅಧಿಕ ತೂಕ, 25 ಮುಟ್ಟಿದ್ರೆ ಬೊಜ್ಜು. ಈಗಲೂ ಗೊಬ್ಬರದ ಮೂಟೆ ಹೊರುವ, 81 ಸೆಂ.ಮೀ. ಸೊಂಟದ ಅಪ್ಪನಿಗೆ ಬೊಜ್ಜಂತೆ. ನಾನು ನಾರ್ಮಲ್ಲಂತೆ.

ಅಪ್ಪ ನಕ್ಕು, "ಬರೀ ತೂಕ ನೋಡಿ ಯಾರಾದ್ರೂ ಎತ್ತು ತರ್ತಾರೇನೋ?" ಅಂದ್ರು.

ನಮ್ಮೂರಿನವರು ಕೇಳಬೇಕಾದ ಪ್ರಶ್ನೆಯೇ ಅದು. ಟಿಪ್ಪುವಿನ ಸೈನ್ಯದ ಸರಂಜಾಮು ಎಳೆದ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರ ಇರೋದು ಅಜ್ಜಂಪುರದಲ್ಲೇ. ದನ ಬಲ್ಲವರು ಪಕ್ಕೆಲುಬು, ಸೊಂಟದ ಮೂಳೆ, ಬಾಲದ ಬುಡ ನೋಡ್ತಾರೆ. ಪಶುವೈದ್ಯರೂ ಇವನ್ನೇ ಕಣ್ಣಲ್ಲಿ ಅಳೆದು, ಮುಟ್ಟಿ ನೋಡಿ ಮೈಕಟ್ಟಿಗೆ ಅಂಕ ಕೊಡ್ತಾರೆ. ಕೊಬ್ಬು ಎಷ್ಟಿದೆ, ಎಲ್ಲಿದೆ ಅನ್ನೋದೇ ಅಲ್ಲಿನ ಪ್ರಶ್ನೆ.

ಬಿಎಂಐ ಆ ಪ್ರಶ್ನೆಯನ್ನೇ ಕೇಳಲ್ಲ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಸೂತ್ರ 1830ರ ದಶಕದ್ದು. ಕೊಟ್ಟವನು ಬೆಲ್ಜಿಯಂನ ಗಣಿತಜ್ಞ ಕೆಟ್ಲೆ. ಅವನು ಹುಡುಕುತ್ತಿದ್ದದ್ದು 'ಸರಾಸರಿ ಮನುಷ್ಯ'ನನ್ನು, ರೋಗಿಯನ್ನಲ್ಲ. 1972ರಲ್ಲಿ ಆನ್ಸೆಲ್ ಕೀಸ್ ಅದಕ್ಕೆ ಈಗಿನ ಹೆಸರಿಟ್ಟ. ಕೋಡಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಈ ಫಂಕ್ಷನ್ನಿಗೆ ಇನ್‌ಪುಟ್ ಎರಡೇ. ಸ್ನಾಯು, ಕೊಬ್ಬು ಎರಡೂ ಅದಕ್ಕೆ ಬರೀ ಕೆಜಿ.

ಇದರ ಪರಿಣಾಮ ನೋಡಬೇಕಾ? 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ಯುಡ್ಕಿನ್ ತಮ್ಮಿಬ್ಬರ ಫೋಟೋವನ್ನೇ ಹಾಕಿದ್ರು. ಇಬ್ಬರ ಬಿಎಂಐಯೂ 22.3. ಮೈಕೊಬ್ಬು ಯುಡ್ಕಿನ್‌ಗೆ ಶೇ. 9.1, ನಮ್ಮ ಯಾಜ್ಞಿಕ್‌ಗೆ ಶೇ. 21.2!

ಹಾಗಂತ ಕೊಬ್ಬಿನ ಪರ್ಸೆಂಟು ತೋರಿಸೋ ಸ್ಮಾರ್ಟ್ ತಕ್ಕಡಿಗೆ ದುಡ್ಡು ಸುರೀಬೇಡಿ. ಅದು ಪಾದದಿಂದ ಸಣ್ಣ ಕರೆಂಟು ಹರಿಸಿ, ಅಡ್ಡಿ ಎಷ್ಟು ಅಂತ ಅಳೆದು, ಉಳಿದದ್ದನ್ನು ಸೂತ್ರದಿಂದ ಅಂದಾಜು ಮಾಡುತ್ತೆ. ಎರಡು ಲೋಟ ನೀರು ಕುಡಿದರೂ, ಬೆವರಿದರೂ ಅಂಕಿ ಅಲ್ಲಾಡಬಹುದು. ಡೆಕ್ಸಾ ಸ್ಕ್ಯಾನ್ ಇದಕ್ಕಿಂತ ನಂಬಿಕಸ್ತ. ಆದ್ರೆ ಅದು ಎಲ್ಲರ ಕೈಗೆಟುಕಲ್ಲ.

ಬಿಎಂಐ ಪೂರ್ತಿ ದಂಡ ಅಂತ ನಾನು ಹೇಳ್ತಿಲ್ಲ. ಒಂದು ತಾಲ್ಲೂಕಿನ ಜನರ ಒಟ್ಟು ಪರಿಸ್ಥಿತಿ ತಿಳಿಯೋಕೆ ಅದು ಅಗ್ಗದ, ಒಳ್ಳೆ ಅಳತೆ. ನನ್ನ ತಕರಾರು ಆ ಹಸಿರು ಬಣ್ಣದ ಮೇಲೆ. ಬಿಎಂಐ ಪಕ್ಕದಲ್ಲೇ ಸೊಂಟದಳತೆಗೂ ಒಂದು ಕಾಲಂ ಇಟ್ಟಿದ್ರೆ ಏನು ಗಂಟು ಹೋಗ್ತಿತ್ತು?

ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆಳ್ಕೊಂಡು ಮೋಸ ಮಾಡ್ಬೇಡಿ. ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಗೆರೆ. ನೆನಪಿರಲ್ವಾ? ಸೊಂಟ ಎತ್ತರದ ಅರ್ಧಕ್ಕಿಂತ ಕಮ್ಮಿ ಇರಲಿ. ನನ್ನದು 85ರ ಒಳಗಿರಬೇಕು. ಇನ್ನೂ 9 ಸೆಂ.ಮೀ. ಬಾಕಿ ಇದೆ.