ಕಣ್ಣು ನಿಂತಿತು ಸರಿ, ಯಾಕೆ ನಿಂತಿತು?

ಚರ್ಮ ಹೇಗಿದ್ದರೆ ಜನ ಒಂದು ಮುಖವನ್ನು ಜಾಸ್ತಿ ಹೊತ್ತು ನೋಡ್ತಾರೆ? ಇದನ್ನು ಅಳೆಯೋಕೆ ಐ ಟ್ರ್ಯಾಕರ್ ಅನ್ನೋ ಯಂತ್ರ ಇದೆ. ಕಣ್ಣಿನ ಮೇಲೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದರ ಪ್ರತಿಫಲನವನ್ನು ಕ್ಯಾಮೆರಾದಲ್ಲಿ ಹಿಡಿದು, ನೋಟ ಪರದೆಯ ಮೇಲೆ ಎಲ್ಲಿ, ಎಷ್ಟು ಹೊತ್ತು ನಿಂತಿತು ಅಂತ ಲೆಕ್ಕ ಹಾಕುತ್ತೆ.

2008ರಲ್ಲಿ ಬರ್ನ್‌ಹಾರ್ಡ್ ಫಿಂಕ್ ಮತ್ತು ಸಂಗಡಿಗರು ಇಂಥದ್ದೊಂದು ಅಧ್ಯಯನ ಪ್ರಕಟಿಸಿದರು. ಹೆಂಗಸರ ಮುಖಗಳ ಆಕಾರವನ್ನು ಒಂದೇ ಥರ ಇಟ್ಟು, ಚರ್ಮದ ಬಣ್ಣ ಹರಡಿರೋ ರೀತಿಯಲ್ಲಿ ಮಾತ್ರ ವ್ಯತ್ಯಾಸ ಬಿಟ್ಟರು. ಬಣ್ಣ ಸಮನಾಗಿದ್ದ ಮುಖಗಳ ಮೇಲೆ ನೋಟ ಹೆಚ್ಚು ನಿಂತಿತು. ಲೇಖಕರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನ ವಿಜ್ಞಾನಿಯೂ ಇದ್ದರು.

ಇಲ್ಲಿ ಎರಡು ಮಾತು ಗಮನಿಸಬೇಕು. ಒಂದು, ಸಮನಾದ ಬಣ್ಣ ಅಂದ್ರೆ ಬಿಳಿ ಬಣ್ಣ ಅಲ್ಲ. ನಮ್ಮ ಕಡೆಯ ಎಣ್ಣೆಗಪ್ಪು ಮುಖವೂ ಸಮನಾಗೇ ಇರುತ್ತೆ. ಆದರೆ 1975ರಿಂದ ಫೇರ್ ಅಂಡ್ ಲವ್ಲಿ ಜಾಹೀರಾತು ನೋಡಿ ಬೆಳೆದ ದೇಶದಲ್ಲಿ ‘ಕಲೆಯಿಲ್ಲದ’ ಅಂದ ಕೂಡಲೇ ‘ಬೆಳ್ಳಗಿನ’ ಅಂತಲೇ ಕೇಳಿಸುತ್ತೆ. 2020ರಲ್ಲಿ ಅದು ಗ್ಲೋ ಅಂಡ್ ಲವ್ಲಿ ಆಯ್ತು. ಹೆಸರು ಬದಲಾದಷ್ಟು ಬೇಗ ಕಿವಿ ಬದಲಾಗಲ್ಲ.

ಎರಡು, ಹೆಚ್ಚು ಹೊತ್ತು ನೋಡಿದ್ದು ಮೆಚ್ಚುಗೆಯೇ ಆಗಬೇಕಿಲ್ಲ. ವೆಬ್‌ಸೈಟ್ ಕಟ್ಟೋ ನಮಗೆ ಇದು ದಿನಾ ಗೊತ್ತಾಗೋ ವಿಷಯ. ಹೀಟ್ ಮ್ಯಾಪ್‌ನಲ್ಲಿ ಒಂದು ಬಟನ್ ಕೆಂಪಗೆ ಹೊಳೀತಿದ್ರೆ ಅದು ಚೆನ್ನಾಗಿದೆ ಅಂತಲೂ ಆಗಬಹುದು, ಅರ್ಥವಾಗದೆ ಜನ ಅಲ್ಲೇ ಸಿಕ್ಕಿಹಾಕಿಕೊಂಡಿದ್ದಾರೆ ಅಂತಲೂ ಆಗಬಹುದು. ತೊನ್ನು ಇರೋರು ಬಸ್ಸು ಹತ್ತಿದರೆ ಎಲ್ಲರ ಕಣ್ಣೂ ಅವರ ಮೇಲೇ. ಯಂತ್ರಕ್ಕೆ ಅದೂ ಬರೀ ‘ಗಮನ’. ನೋಡಿಸಿಕೊಂಡವರಿಗೆ ಅದು ಏನು ಅನ್ನೋದು ಆ ಲೆಕ್ಕಕ್ಕೆ ಬರಲ್ಲ.

ಕಣ್ಣು ತಾನಾಗಿಯೇ ಎಲ್ಲೋ ಹೋಗಲ್ಲ, ಅದಕ್ಕೆ ಪ್ರಶ್ನೆ ಕೊಟ್ಟಿರ್ತಾರೆ. ರಷ್ಯಾದ ಆಲ್ಫ್ರೆಡ್ ಯಾರ್ಬಸ್ ಇದನ್ನು ಬಹಳ ಹಿಂದೆಯೇ ತೋರಿಸಿದ್ದ. ರೆಪಿನ್ ಬರೆದ ಒಂದೇ ಚಿತ್ರದಲ್ಲಿ ವಯಸ್ಸು ಎಷ್ಟು ಅಂತ ಕೇಳಿದಾಗ ನೋಟ ಮುಖಗಳಿಗೆ ಹೋಯ್ತು, ಸಿರಿವಂತರೋ ಬಡವರೋ ಅಂದಾಗ ಬಟ್ಟೆಬರೆಗೆ. ಅಮೃತಮಹಲ್ ತಳಿ ಕೇಂದ್ರ ಇರೋ ನಮ್ಮ ಅಜ್ಜಂಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋರಿ ಕೊಳ್ಳಲು ಬಂದವರು ಸುಳಿ, ಹಲ್ಲು, ಗೊರಸು ನೋಡ್ತಾರೆ. ಮಗು ಅದೇ ಹೋರಿಯ ಕೊಂಬು ನೋಡುತ್ತೆ.

ಹೆಣ್ಣು ನೋಡುವ ಶಾಸ್ತ್ರದಲ್ಲಿ ‘ಬಣ್ಣ ಹೇಗೆ?’ ಅನ್ನೋ ಪ್ರಶ್ನೆ ಕಾಫಿ ಲೋಟಕ್ಕಿಂತ ಮುಂಚೆ ಬಂದಿರುತ್ತೆ. ಶಾದಿ ಡಾಟ್ ಕಾಮ್ ಮೈಬಣ್ಣದ ಫಿಲ್ಟರ್ ತೆಗೆದದ್ದು 2020ರಲ್ಲಿ, ಅದೂ ಜನ ಅರ್ಜಿ ಹಾಕಿದ ಮೇಲೆ. ಇಷ್ಟು ಕಾಲ ಪ್ರಶ್ನೆ ಕೊಟ್ಟು ಪಳಗಿಸಿದ ಕಣ್ಣನ್ನು ಈಗ ಯಂತ್ರದ ಮುಂದೆ ಕೂರಿಸಿ, ‘ನೋಡಿ, ಇದು ಮನುಷ್ಯನ ಸಹಜ ಗುಣ’ ಅಂದ್ರೆ ಹೇಗೆ ಒಪ್ಪೋದು?

ಮುಂದಿನ ಸಲ ಯಾರಾದರೂ ಕೆಂಪು ಹೀಟ್ ಮ್ಯಾಪ್ ತೋರಿಸಿ ಕ್ರೀಮ್ ಮಾರೋಕೆ ಬಂದರೆ ಇಷ್ಟು ಕೇಳಿ: ಯಾರ ಮುಖ, ಯಾರ ಕಣ್ಣು, ನೋಡೋಕೆ ಮುಂಚೆ ಅವರಿಗೆ ಏನು ಹೇಳಿದ್ದಿರಿ?